ಗಾದೆಪ್ಪನ ಕಾಲು ತೊಳೆಯದ ಗುರುಗಳಿಗೆ

ಬಳ್ಳಾರಿ, ಮೇ ೧೯೭೮

ನಮ್ಮ ಧರ್ಮಕೇಂದ್ರದ ಮಾನ್ಯ ಗುರುಗಳೇ,

ಕಳೆದ ಪವಿತ್ರ ಗುರುವಾರ ಸಂಜೆ ನೀವು ಹನ್ನೆರಡು ಜನರನ್ನು ಕಾಲು ತೊಳೆಯಲೆಂದು ಕರೆದು ಕೂರಿಸಿದಿರಿ. ಅವರಲ್ಲಿ ಒಬ್ಬನನ್ನು, ತುಂಬಿದ ದೇವಾಲಯದಲ್ಲಿ, ಕುರ್ಚಿಯಿಂದ ಎಬ್ಬಿಸಿ ಕಳಿಸಿದಿರಿ. ಅವನು ನನ್ನ ಅಣ್ಣ, ಹಚ್ಚೊಳ್ಳಿಯ ಗಾದೆಪ್ಪ. ಅವನು ಮಾಡಿದ ಅಪರಾಧವೆಂದರೆ ಅವನ ಹಿಮ್ಮಡಿಯಿಂದ ರಕ್ತ ಒಸರುತ್ತಿತ್ತು. ಇದನ್ನು ಮುಖಾಮುಖಿ ಕೇಳಬೇಕೆಂದು ನಿಮ್ಮ ಬಾಗಿಲಿಗೆ ಬಂದೆ. ಒಮ್ಮೆ ನೀವು ವಿಶ್ರಾಂತಿಯಲ್ಲಿದ್ದಿರಿ, ಇನ್ನೊಮ್ಮೆ ಸಭೆಯಲ್ಲಿದ್ದಿರಿ. ಪತ್ರಿಕೆ ಓದುವ ಹೊತ್ತಿಗಾದರೂ ನೀವು ಎಚ್ಚರವಾಗಿರುತ್ತೀರಿ ಎಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಕ್ರೈಸ್ತರಲ್ಲದ ಓದುಗರಿಗಾಗಿ ಎರಡು ಮಾತು. ಯೇಸುಸ್ವಾಮಿ ಸಾಯುವ ಹಿಂದಿನ ರಾತ್ರಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ. ಮುಂದೆ ನಿಲ್ಲುವವನು ಮೊದಲು ಬಗ್ಗುವುದನ್ನು ಕಲಿಯಬೇಕು ಎಂದು ಅದರ ಅರ್ಥ. ಆ ನೆನಪಿಗಾಗಿ ಪ್ರತಿ ವರ್ಷ ಗುರುಗಳು ಹನ್ನೆರಡು ಗಂಡಸರ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ನಮ್ಮ ದೇವಾಲಯದಲ್ಲಿ ಮಾತ್ರ ಇದಕ್ಕೊಂದು ಉಪಪದ್ಧತಿ ಸೇರಿಕೊಂಡಿದೆ. ಆಯ್ಕೆಯಾದವರೆಲ್ಲ ಮನೆಯಲ್ಲೇ ಸೋಪು ಹಚ್ಚಿ ಕಾಲು ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಬರಬೇಕೆಂದು ಹಿಂದಿನ ಭಾನುವಾರವೇ ಪ್ರಕಟಣೆಯಾಗುತ್ತದೆ. ಊಟಕ್ಕೆ ಕರೆದು, ಮನೆಯಲ್ಲೇ ಉಂಡು ಬನ್ನಿ ಎಂದ ಹಾಗಾಯಿತು. ತೊಳೆದ ಕಾಲನ್ನೇ ತೊಳೆಯುವುದಾದರೆ ಅಷ್ಟು ಜನರನ್ನು ಸೇರಿಸುವುದೇಕೆ, ಆ ಬೋಗುಣಿ ಏಕೆ, ಫೋಟೋ ತೆಗೆಯುವವನೇಕೆ?

ಗಾದೆಪ್ಪ ಯಾರೆಂದು ನಿಮಗೆ ಗೊತ್ತು. ಹಳ್ಳಿಯವರಿಗೂ ಗೌರವ ಸಲ್ಲಬೇಕೆಂದು ಈ ವರ್ಷ ಅವನ ಹೆಸರು ಹೇಳಿದವರು ನೀವೇ. ನೀವು ಹಚ್ಚೊಳ್ಳಿಗೆ ಬರುವುದು ತಿಂಗಳಿಗೊಮ್ಮೆ, ಅದೂ ದಾರಿಯಲ್ಲಿ ಕೆಸರಿಲ್ಲದಿದ್ದರೆ. ಉಳಿದ ಭಾನುವಾರಗಳಲ್ಲಿ ಅಲ್ಲಿನ ಪ್ರಾರ್ಥನಾ ಮನೆಯ ಕಸ ಗುಡಿಸಿ, ಮೇಣದ ಬತ್ತಿ ಹಚ್ಚಿ, ಪ್ರಾರ್ಥನೆ ನಡೆಸುತ್ತಿದ್ದವನು ಅಣ್ಣ. ಬೇನೆ ಬಿದ್ದವರನ್ನು ಯಾರದೋ ಟ್ರ್ಯಾಕ್ಟರಿಗೆ ಹತ್ತಿಸಿ ಸಿರುಗುಪ್ಪದ ಆಸ್ಪತ್ರೆಗೆ ಒಯ್ಯುವವನೂ ಅವನೇ. ಕಾಲುವೆ ನೀರಿನ ಪಾಳಿಗೆ ಜಗಳ ಹತ್ತಿದರೆ ಲಿಂಗಾಯತರ ವಿರೂಪಾಕ್ಷಪ್ಪನವರು ಸಹ, "ಗಾದೆಪ್ಪನ್ನ ಕರೀರಿ, ಅಂವ ಹೇಳಿದಂಗ ಆಗ್ಲಿ" ಅನ್ನುತ್ತಾರೆ. ಏಕೆಂದರೆ ಕೊನೆಯ ಗದ್ದೆಗೆ ನೀರು ಮುಟ್ಟದಿದ್ದಾಗ ಅವನು ಮೊದಲು ಬಿಟ್ಟುಕೊಡುವುದು ತನ್ನ ಪಾಳಿಯನ್ನು. ವರ್ಷವಿಡೀ ಕೆಸರಲ್ಲಿ ನಿಂತು ನಿಂತು ಅವನ ಹಿಮ್ಮಡಿ ಬೆರಳು ತೂರುವಷ್ಟು ಬಿರಿದಿದೆ.

ನಿಮ್ಮ ಪ್ರಕಟಣೆ ಕೇಳಿದ ಅತ್ತಿಗೆ ದುರುಗಮ್ಮನಿಗೆ ಅದೇ ಚಿಂತೆ ಹಿಡಿಯಿತು. ಬುಧವಾರವೇ ಗಂಡನನ್ನು ಕರೆದುಕೊಂಡು ಕೌಲ್ ಬಜಾರಿನ ನನ್ನ ಮನೆಗೆ ಬಂದಳು. ಬಚ್ಚಲಲ್ಲಿ ಕೂರಿಸಿ, ಇಟ್ಟಿಗೆ ಚೂರಿನಿಂದ ಅವನ ಹಿಮ್ಮಡಿ ತಿಕ್ಕತೊಡಗಿದಳು.

"ಸಾಕು ಬಿಡಲೇ, ತೊಗಲು ಕಿತ್ತು ಬರಾಕತ್ತೈತಿ" ಅಂದ ಅಣ್ಣ.

"ಸುಮ್ನ ಕುಂದರ್ರಿ. ಸ್ವಾಮ್ಯಾರು ಮುತ್ತು ಇಡೋ ಕಾಲು. ಅವರಿಗೆ ಹೇಸಿಗಿ ಆದ್ರ ನಾ ಮಂದಿಗೆ ಹೆಂಗ ಮುಖ ತೋರಿಸ್ಲಿ?"

ತಿಕ್ಕಿದಳು, ಔಡಲೆಣ್ಣೆ ಹಚ್ಚಿದಳು, ಮರುದಿನ ಬೆಳಿಗ್ಗೆ ಮತ್ತೆ ತಿಕ್ಕಿದಳು. ಸಂಜೆ ಹೊಸ ಚಪ್ಪಲಿ ಮೆಟ್ಟಿ ಕಾದ ರಸ್ತೆಯಲ್ಲಿ ದೇವಾಲಯಕ್ಕೆ ನಡೆಯುವಷ್ಟರಲ್ಲಿ ಬಿರುಕೆಲ್ಲ ಬಾಯಿ ಬಿಟ್ಟಿತ್ತು.

ನೀವು ಅವನ ಮುಂದೆ ಬಂದಿರಿ, ಕಾಲು ನೋಡಿದಿರಿ, ಬಗ್ಗಲಿಲ್ಲ. ಪಕ್ಕದವರಿಗೆ ಹೇಳಿದಿರಿ: "ಇವರನ್ನ ಬಿಡಿ, ಬಟ್ಟೆಗೆ ರಕ್ತ ಹತ್ತುತ್ತೆ. ಸಾಹುಕಾರರನ್ನ ಕೂರಿಸಿ." ಮೈಕು ಹತ್ತಿರದಲ್ಲೇ ಇತ್ತು, ಗುರುಗಳೇ. ಹೊರಗೆ ನಿಂತವರಿಗೂ ಕೇಳಿಸಿತು. ಹೆಂಗಸರ ಸಾಲಿನಲ್ಲಿದ್ದ ದುರುಗಮ್ಮನಿಗೂ ಕೇಳಿಸಿತು. ದೇವಾಲಯಕ್ಕೆ ಫ್ಯಾನು ಕೊಡಿಸಿದ ಆ ಗುತ್ತಿಗೆದಾರ ಸಾಹುಕಾರರು ಮುಂದಿನ ಬೆಂಚಿನಿಂದ ಎದ್ದು ಬಂದು ಅಣ್ಣನ ಕುರ್ಚಿಯಲ್ಲಿ ಕುಳಿತರು. ಅವರ ಕಾಲು ನಿಜಕ್ಕೂ ಲಕಲಕ ಹೊಳೆಯುತ್ತಿತ್ತು. ಅದಕ್ಕೆ ನೀವು ಭಕ್ತಿಯಿಂದ ಮುತ್ತಿಟ್ಟಿರಿ.

ರಕ್ತ ಕಂಡರೆ ನಿಮಗೆ ಆಗದೆ? ಹಾಗಿದ್ದರೆ ಈ ಕೆಲಸಕ್ಕೆ ಏಕೆ ಬಂದಿರಿ? ನಿಮ್ಮ ಬೆನ್ನ ಹಿಂದೆಯೇ ಮೊಳೆ ಹೊಡೆಸಿಕೊಂಡ ಪಾದಗಳ ಶಿಲುಬೆ ಇತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಪದ್ಧತಿಯಂತೆ ಅದಕ್ಕೆ ಬಟ್ಟೆ ಮುಚ್ಚಿದ್ದಿರಿ. ಒಳ್ಳೆಯದೇ ಆಯಿತು, ಆತ ಆ ಸಂಜೆ ನಿಮ್ಮನ್ನು ನೋಡಲಿಲ್ಲ.

ಅಣ್ಣ ಎದ್ದು ಹೊರಗೆ ನಡೆದ. ನಾನು ಕೂಗಾಡಿದ್ದಕ್ಕೆ, "ಹೋಗ್ಲಿ ಬಿಡು ಗಿಡ್ಡಿ, ಸ್ವಾಮ್ಯಾರ ಬಟ್ಟಿ ಬೆಳ್ಳಗಿತ್ತು" ಅಂದ. ಊರಿಗೆ ಹೋದ ಮೇಲೆ ಭಾನುವಾರ ಎಂದಿನಂತೆ ಕಸ ಗುಡಿಸಿ, ಬತ್ತಿ ಹಚ್ಚಿ, ಹೋಗಿ ಹಿಂದಿನ ಚಾಪೆಯಲ್ಲಿ ಕುಳಿತ. ಯಾರೂ ಪ್ರಾರ್ಥನೆ ಶುರು ಮಾಡಲಿಲ್ಲ. ಬಂದವರು ಒಂದಷ್ಟು ಹೊತ್ತು ಕುಳಿತು ಎದ್ದು ಹೋದರು. ಅಂದಿನಿಂದ ಹಾಗೆಯೇ ನಡೆದಿದೆ. ಏಕೆಂದು ಕೇಳಿದೆ.

"ನನ್ನ ಕಾಲು ಮುಟ್ಟಾಕ ಆಗ್ಲಿಲ್ಲ ಅವರಿಗೆ. ನನ್ನ ಬಾಯಾಗಿನ ಪ್ರಾರ್ಥನಿ ದೇವರಿಗೆ ಹೆಂಗ ಮುಟ್ತೈತವ್ವ?"

ದೇವಶಾಸ್ತ್ರ ಓದಿದವರು ನೀವು, ನೀವೇ ಹೇಳಿ.

ಈ ತಿಂಗಳು ಹಚ್ಚೊಳ್ಳಿಯಲ್ಲಿ ನಮ್ಮ ಕೇರಿಯ ಮುದುಕಿ ಉಚ್ಚಂಗೆಮ್ಮ ತೀರಿಕೊಂಡಳು. ನಿಮಗೆ ಹೇಳಿಕಳಿಸಿದೆವು, ನೀವು ಬರಲಿಲ್ಲ. ಅಣ್ಣ ತಾನೇ ಕುಣಿ ತೋಡಿದ, ತಾನೇ ಇಳಿದು ಹೆಣವನ್ನು ಮಲಗಿಸಿದ. ಎಲ್ಲರೂ ಅವನ ಬಾಯಿ ನೋಡುತ್ತ ನಿಂತರು. ಅವನು ತಲೆಯೆತ್ತಲಿಲ್ಲ. ನಾನು ಪ್ರಾರ್ಥನೆ ಶುರು ಮಾಡಿದೆ, ಎರಡು ಸಾಲಿಗೇ ನಿಂತುಹೋಯಿತು. ಹಾಗೆಯೇ ಮಣ್ಣು ಹಾಕಿ ಬಂದೆವು. ನೀವು ಉಳಿಸಿಕೊಂಡ ಬಿಳಿ ಬಟ್ಟೆಗೆ ಹಚ್ಚೊಳ್ಳಿಯವರು ಕೊಟ್ಟ ಬೆಲೆ ಇದು.

ನಿಮ್ಮ ವಿಷಾದದ ಪತ್ರ ನನಗೆ ಬೇಡ. ಕಾಲುವೆಗೆ ನೀರು ಬಿಡುವುದರೊಳಗೆ ಒಂದು ಭಾನುವಾರ ಅದೇ ಬೋಗುಣಿ, ಅದೇ ಬಟ್ಟೆ ಹಿಡಿದುಕೊಂಡು ಹಚ್ಚೊಳ್ಳಿಗೆ ಬನ್ನಿ. ಫೋಟೋದವನೂ ಸಾಹುಕಾರರೂ ಬೇಡ. ನಾವು ಯಾರೂ ಕಾಲು ತೊಳೆದುಕೊಂಡಿರುವುದಿಲ್ಲ. ಅಣ್ಣನ ಜಗುಲಿಯ ಮೇಲೆ, ಕೇರಿಯವರ ಮುಂದೆ, ಬಗ್ಗಿ ಅವನ ಕಾಲು ತೊಳೆಯಿರಿ.

ತೊಳೆದಾದ ಮೇಲೆ ಒಳಗೆ ಹೋಗಿ ದುರುಗಮ್ಮನ ಹತ್ತಿರ ಒಂದು ಮಾತಾಡಿ. ಗಂಡನ ಮರ್ಯಾದೆ ಕಳೆದವಳು ತಾನೇ ಎಂದುಕೊಂಡು ಅವಳು ಇವತ್ತಿಗೂ ಅಳುತ್ತಾಳೆ. "ನಾ ಇನ್ನಾ ಮೆತ್ತಗ ತಿಕ್ಕಬೇಕಾಗಿತ್ತು" ಅನ್ನುತ್ತಾಳೆ. ತಪ್ಪು ಅವಳದಲ್ಲ, ನಿಮ್ಮದು ಎಂದು ಅವಳಿಗೆ ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ. ಅವಳು ಈಗಲೂ ನಂಬುವುದು ನಿಮ್ಮನ್ನೇ.

ಇಂತಿ,
ಇನ್ನೂ ನಿಮ್ಮದೇ ಧರ್ಮಸಭೆಯಲ್ಲಿ ಉಳಿದಿರುವ,
ಗಾದೆಪ್ಪನ ತಂಗಿ ಮಾರ್ತಮ್ಮ (ಊರಲ್ಲಿ ಗಿಡ್ಡಮ್ಮ)
ಶಾಲಾ ಶಿಕ್ಷಕಿ, ಕೌಲ್ ಬಜಾರ್