ಹಗ್ಗ ಬಿಚ್ಚುವಾಗ ಮುದುಕಿ ಹೇಳಿದ್ದು

ಶಾರ್ಜಾದಲ್ಲಿ ಮುಖ ಊದಿಸಿಕೊಂಡು ಕೂತಿರುವ ತಂಸೀರನಿಗೆ,

ನಿನ್ನ ಮೆಸೇಜುಗಳೆಲ್ಲ ಬಂದಿವೆ. ಒಂದಕ್ಕೂ ಉತ್ತರ ಕೊಡಲಿಲ್ಲ ಎಂದು ನೀನು ಸಿಟ್ಟಾಗಿರುವುದೂ ಗೊತ್ತು. ಹೇಳಬೇಕಾದದ್ದು ಫೋನಿನಲ್ಲಿ ಒತ್ತಿ ಕಳಿಸುವಷ್ಟು ಸಣ್ಣದಲ್ಲ ಅನ್ನಿಸಿತು. ಹಾಗಾಗಿ ಪುತ್ತಿಗೆಯ ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸುವ ಈ ಕನ್ನಡ ಮಾಸ್ಟ್ರು ಎಷ್ಟೋ ವರ್ಷಗಳ ನಂತರ ತಾನೇ ಒಂದು ಪತ್ರ ಬರೆಯುತ್ತಿದ್ದಾನೆ. ಅಕ್ಷರ ನೋಡಿ ನಗಬೇಡ. ಬೋರ್ಡಿನ ಮೇಲೆ ಬರೆದು ಬರೆದು ಎಲ್ಲ ದಪ್ಪವಾಗಿದೆ.

ಹೆಲ್ಮಿ ರಾಂಡ್ವಾ ಇನ್ನು ಸಿನಿಮಾ ಮಾಡುವುದಿಲ್ಲ ಎಂಬ ಸುದ್ದಿ ಬಂದ ದಿನ ಇಲ್ಲಿ ನಡೆದದ್ದನ್ನು ಮೊದಲು ಕೇಳು. ಮೀಂಜದ ಧನರಾಜ್ ವಾಟ್ಸಾಪಿನಲ್ಲಿ ತನ್ನ ಚಿತ್ರ ತೆಗೆದು ಬರೇ ಕಪ್ಪು ಹಾಕಿದ. ಅವನ ಅತ್ತೆ ಗಾಬರಿಯಾಗಿ ಫೋನ್ ಮಾಡಿ, ಮನೆಯಲ್ಲಿ ಯಾರು ಹೋದದ್ದು ಎಂದು ಕೇಳಿದರಂತೆ. ಎಸ್ಟೋನಿಯಾದಲ್ಲಿ ಒಬ್ಬ ಅಜ್ಜಿ ಚಿತ್ರ ಬಿಡಿಸುವುದನ್ನು ನಿಲ್ಲಿಸಿದರು ಎಂದು ಅತ್ತೆಗೆ ವಿವರಿಸುವಷ್ಟರಲ್ಲಿ ಅವನ ದುಃಖ ಅರ್ಧ ಇಳಿದಿತ್ತು. ಹಲ್ಲಿನ ಡಾಕ್ಟರ್ ಉಜ್ವಲಾ ಕ್ಲಿನಿಕ್ಕಿನ ಟಿವಿಯಲ್ಲಿ ಇಡೀ ದಿನ ಹೆಲ್ಮಿಯ ಅನಿಮೇಷನ್ ಸಿನಿಮಾಗಳನ್ನೇ ಹಾಕಿದಳು. ಬಾಯಿ ತೆರೆದು ಮಲಗಿದವರು ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಇನ್ನು ನೀನು. 'ಒಪ್ಪಿಕೊಂಡ ಸಿನಿಮಾ ಅರ್ಧಕ್ಕೆ ಬಿಟ್ಟು ಹೋಗ್ಲಿಕ್ಕೆ ಅವರಿಗೆ ಹಕ್ಕಿಲ್ಲ ಮಾರಾಯ' ಎಂದು ಶುರು ಮಾಡಿದೆ. ಆಮೇಲೆ, ತೀರ್ಮಾನ ಬದಲಿಸಿ ಎಂದು ಅವರನ್ನು ಬೇಡಿಕೊಳ್ಳುವ ಒಂದು ಮನವಿಗೆ ಸಹಿ ಹಾಕಲು ಕಳಿಸಿದೆ. ನಾನು ಹಾಕಲಿಲ್ಲ. ಹಾಕಬೇಕೆಂದು ತೆರೆದವನು ಮೊದಲು ಅವರ ಹೇಳಿಕೆಯನ್ನು ಇನ್ನೊಮ್ಮೆ ಓದಿದೆ. ಕೈ ನಡುಗುತ್ತದೆ, ಸಮುದ್ರದ ಗೆರೆ ನೆಟ್ಟಗೆ ಬರುವುದಿಲ್ಲ, ಇನ್ನು ಮುಂದೆ ಕಿಟಕಿಯಿಂದ ನಿಜವಾದ ಸಮುದ್ರ ನೋಡುತ್ತ ಕೂರುತ್ತೇನೆ ಎಂದು ಬರೆದಿದ್ದರು. ಅಷ್ಟು ನೆಮ್ಮದಿಯಾಗಿ ಹೇಳಿದವರನ್ನು ಮತ್ತೆ ಮೇಜಿಗೆ ಎಳೆದು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಆದರೆ ನನ್ನನ್ನು ಈ ಕಾಗದದ ಮುಂದೆ ಕೂರಿಸಿದ್ದು ನಿನ್ನ ಕೊನೆಯ ಮೆಸೇಜು. 'ಇನ್ನು ನಾನು ಊರಿಗೆ ಬರುವುದು ಎಂತಕ್ಕೆ?'

ನಿನ್ನ ತಾಯಿ, ನಮ್ಮ ಉಮ್ಮ, ತೀರಿಕೊಂಡಾಗ ನೀನು ಮಂಗಳೂರಿನಲ್ಲಿ ವಿಮಾನ ಇಳಿಯುವ ಮೊದಲೇ ದಫನ ಆಗಿತ್ತು. ಪಳ್ಳಿಯ ಹಿಂದಿನ ಖಬರಸ್ಥಾನದಲ್ಲಿ ಹಸಿ ಮಣ್ಣಿನ ಎದುರು ನೀನು ನಿಂತದ್ದನ್ನು ನಾನು ಗೇಟಿನ ಹೊರಗಿನಿಂದ ನೋಡಿದ್ದೇನೆ. ಶಾರ್ಜಾಕ್ಕೆ ಹಿಂದೆ ಹೋಗುವ ದಿನ ನೀನು ಕಾರಿನ ಬಾಗಿಲು ಹಿಡಿದುಕೊಂಡು, ಮುಖ ನೋಡದೆ, 'ಹೆಲ್ಮಿಯ ಮುಂದಿನ ಸಿನಿಮಾ ಬರಲಿ, ಖಂಡಿತ ಬರ್ತೇನೆ' ಎಂದಿದ್ದೆ. ಅದು ಸಿನಿಮಾದ ಮಾತಲ್ಲ ಎಂದು ಆಗಲೇ ಗೊತ್ತಾಗಿತ್ತು. ಉಮ್ಮನಿಲ್ಲದ ಮನೆಗೆ ಬರಲು ನಿನಗೊಂದು ನೆಪ ಬೇಕಿತ್ತು. ಆ ನೆಪಕ್ಕಾಗಿ ನಾನೂ ಇಷ್ಟು ವರ್ಷ ಕಾದೆ. ಈಗ ಆ ಸಿನಿಮಾ ಬರುವುದಿಲ್ಲ.

ನಮ್ಮ ಮೊದಲ ಹೆಲ್ಮಿ ಸಿನಿಮಾ ನೆನಪಿದೆಯಾ? ಕುಂಬಳೆ ಪೇಟೆಯ ಸಿ.ಡಿ. ಅಂಗಡಿಯಿಂದ ನೀನು ಫೈಟಿಂಗ್ ಸಿನಿಮಾ ಎಂದು ತಂದದ್ದು. ಹಾಕಿದರೆ ಮುದುಕಿ, ದ್ವೀಪ, ದೋಣಿ. ಮಾತಾಡುವ ಭಾಷೆ ಯಾವುದೆಂದೂ ತಿಳಿಯಲಿಲ್ಲ, ಕೆಳಗೆ ಒಂದು ಅಕ್ಷರವೂ ಬರಲಿಲ್ಲ. ನಾವು ತೆಗೆದು ಎಸೆಯುವವರಿದ್ದೆವು. ಪತ್ತಿರಿ ರೊಟ್ಟಿಗೆ ಹಿಟ್ಟು ನಾದುತ್ತ ಚಾವಡಿಗೆ ಬಂದ ನಿನ್ನ ಉಮ್ಮ, ನಾನೂ ಉಮ್ಮ ಎಂದೇ ಕರೆಯುತ್ತಿದ್ದ ಆ ಹವ್ವಮ್ಮ, 'ಇರಲಿ, ಅದರಲ್ಲಿ ಅರ್ಥ ಆಗದ್ದು ಎಂತ ಉಂಟು?' ಎಂದು ನಮ್ಮ ಪಕ್ಕ ಕೂತರು. ಮತ್ತೆ ಇಡೀ ಕಥೆ ಹೇಳಿದರು, ಬ್ಯಾರಿಯಲ್ಲಿ, ನನಗೆ ತಿಳಿಯದಲ್ಲಿ ತುಳುವಿನಲ್ಲಿ.

ಮುದುಕಿಗೆ ಒಬ್ಬನೇ ಮಗ. ಬೂದು ಕೋಟು ಹಾಕಿಕೊಂಡು ಬರುವವ ವೀಸಾದ ಏಜೆಂಟ್. ಮಗ ಹೋಗಬಾರದು ಎಂದು ಮುದುಕಿ ದೋಣಿಯ ಹಗ್ಗವನ್ನು ಬಿಗಿದು ಕಟ್ಟಿದ್ದಾಳೆ. ಏಜೆಂಟ್ ದಿನವೂ ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ಕೊನೆಗೆ ಒಂದು ಬೆಳಿಗ್ಗೆ ಅವಳೇ ಹೋಗಿ ಗಂಟು ಬಿಚ್ಚುತ್ತಾಳೆ. ನಮಗೆ ಸಂಶಯವೇ ಬರಲಿಲ್ಲ. ಕುಂಬಳೆಯಲ್ಲಿ ಮನೆಗೊಬ್ಬ ಗಲ್ಫಿನಲ್ಲಿ ಇರುವಾಗ ಬೇರೆ ಯಾವ ಕಥೆ ಇರಲು ಸಾಧ್ಯ?

ಎಷ್ಟೋ ವರ್ಷ ನಾವು ಇದನ್ನೇ ನಂಬಿದ್ದೆವು. ತಿರುವನಂತಪುರದ ಚಿತ್ರೋತ್ಸವದಲ್ಲಿ ಅದೇ ಸಿನಿಮಾವನ್ನು ಇಂಗ್ಲಿಷ್ ಅಕ್ಷರಗಳೊಂದಿಗೆ ನೋಡಿದ ದಿನ ಎಲ್ಲ ತಲೆಕೆಳಗಾಯಿತು. ಮುದುಕಿ ಮಾಟಗಾತಿಯಂತೆ. ಹುಡುಗ ಯಾರೋ ದಾರಿತಪ್ಪಿ ಬಂದವ. ಬೂದು ಕೋಟಿನವ ಚಳಿಗಾಲ. ಹಗ್ಗ ಬಿಚ್ಚುವಾಗ ಮುದುಕಿ ಅಷ್ಟು ಹೊತ್ತು ತುಟಿ ಆಡಿಸುವುದು ಹಿಮ ಒಡೆಯುವ ಮಂತ್ರ. ರೈಲಿನಲ್ಲಿ ಕಾಸರಗೋಡು ದಾಟುವವರೆಗೂ ನೀನು, ಇದನ್ನು ಉಮ್ಮನಿಗೆ ಹೇಳುವುದಾ ಬೇಡವಾ ಎಂದು ಕೇಳುತ್ತಿದ್ದೆ.

ಹೇಳಿದೆವು. ಉಮ್ಮ ಮೀನಿಗೆ ಉಪ್ಪು ಹಚ್ಚುವುದನ್ನು ನಿಲ್ಲಿಸಲೂ ಇಲ್ಲ. 'ಮಂತ್ರ ಹೇಳುವಾಗ ಯಾರಾದರೂ ಹಾಗೆ ಮುಖ ಮಾಡ್ತಾರಾ? ಅಡಿಯಲ್ಲಿ ಬರೆದವರಿಗೆ ತಪ್ಪಿದೆ' ಎಂದರು. ಆ ಸಿನಿಮಾ ಮಾಡಿದ್ದು ಒಬ್ಬ ಹೆಂಗಸು ಎಂದು ನಾನು ಹೇಳಿದಾಗ ಮಾತ್ರ ತಲೆ ಎತ್ತಿದರು. 'ನನಗೆ ಗೊತ್ತಿತ್ತು. ಆ ಮುದುಕಿ ಒಣಮೀನು ಕಟ್ಟಿ, ಪುನಃ ಬಿಚ್ಚಿ, ಇನ್ನೊಂದು ತುಂಡು ಸೇರಿಸಿ ಕಟ್ಟುತ್ತಾಳಲ್ಲ, ಗಂಡಸು ಮಾಡಿದ್ದರೆ ಒಂದೇ ಸಲ ಕಟ್ಟುತ್ತಿದ್ದ.' ಅಂದಿನಿಂದ ಹೆಲ್ಮಿ ಅವರ ಬಾಯಲ್ಲಿ ಹಲೀಮಾ ಆದರು. ಹಲೀಮಾ ಹೊಸತು ಮಾಡಿದ್ದಾಳಾ ಎಂದು ಕೇಳುವುದು, ನೀನು ಅದಕ್ಕೆ ಸರಿಯಾಗಿ ರಜೆ ಹೊಂದಿಸುವುದು, ನಾವು ರೈಲು ಹತ್ತುವುದು, ನೋಡಿ ಬಂದು ಕಥೆ ಹೇಳುವುದು, ಉಮ್ಮ ಅದನ್ನು ತಿದ್ದುವುದು. ನಿನ್ನ ಪ್ರತಿ ರಜೆಯೂ ಹೀಗೇ ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ಹೆಲ್ಮಿಗೆ ವಿದಾಯ ಹೇಳದೆ ಧನರಾಜನಿಗೆ ಸಮಾಧಾನ ಇಲ್ಲ. ಹಾಗಾಗಿ ಹೋದ ಶನಿವಾರ ಮಧ್ಯಾಹ್ನ ನಮ್ಮ ವಾಚನಾಲಯದಲ್ಲಿ ಆ ಮೊದಲ ಸಿನಿಮಾ ತೋರಿಸಿದೆವು. ಶಾಲೆಯ ಪ್ರೊಜೆಕ್ಟರನ್ನು ಹೆಡ್‌ಮಿಸ್ ಸತ್ಯವತಿ ಟೀಚರ್ ಕೊಟ್ಟರು. ಕೊಟ್ಟ ಮೇಲೆ ಅದರ ಹಿಂದೆಯೇ ಬಂದು ಮೊದಲ ಸಾಲಿನಲ್ಲಿ ಕೂತರು. ಉಜ್ವಲಾ ಗೋಳಿಬಜೆ ಹಂಚಿದಳು, ಹಲ್ಲಿನ ಡಾಕ್ಟರಾದ್ದರಿಂದ ಸಿಹಿ ತರಲಿಲ್ಲ. ನಿನ್ನ ತಂಗಿ ಶಮೀಮಾ ಮಕ್ಕಳನ್ನು ಕರೆದುಕೊಂಡು ಬಂದು ಬಾಗಿಲ ಹತ್ತಿರ ಕೂತಳು. ನಮ್ಮ ಶಾಲೆಯ ಮಕ್ಕಳೂ ತುಂಬ ಬಂದಿದ್ದರು.

ಅಲ್ಲೇ ತೊಂದರೆ ಆದದ್ದು. ಇಂಗ್ಲಿಷ್ ಅಕ್ಷರಗಳು ಅಷ್ಟು ಬೇಗ ಓಡಿದರೆ ಮಕ್ಕಳು ಓದುವುದು ಹೇಗೆ? ಕಾಲು ಆಡಿಸಲು ಶುರು ಮಾಡಿದರು, ಹಿಂದಿನಿಂದ ಗುಸುಗುಸು. ಒಂದು ಹುಡುಗಿ ಎದ್ದು ನಿಂತು, 'ಮಾಸ್ಟ್ರೇ, ಆ ಅಜ್ಜಿ ಯಾರು?' ಎಂದು ಕೇಳಿತು. ಮಾಟಗಾತಿ ಎನ್ನಲು ಬಾಯಿ ತೆರೆದೆ. ಹೊರಗೆ ಬಂದದ್ದು, 'ಆ ಹುಡುಗನ ಅಮ್ಮ. ಅವ ಗಲ್ಫಿಗೆ ಹೊರಟಿದ್ದಾನೆ' ಎಂದು.

ಧನರಾಜ್ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಆದರೆ ಆಡುತ್ತಿದ್ದ ಕಾಲುಗಳೆಲ್ಲ ನಿಂತವು. ಮತ್ತೆ ನಾನು ನಿಲ್ಲಿಸಲಿಲ್ಲ. ಉಮ್ಮ ಹೇಳಿದ ಹಾಗೆಯೇ, ಅವರು ನಿಲ್ಲಿಸಿದಲ್ಲಿ ನಿಲ್ಲಿಸಿ, ತುಳು, ಕನ್ನಡ, ನನ್ನ ಹರಕು ಬ್ಯಾರಿ ಎಲ್ಲ ಸೇರಿಸಿ ಹೇಳಿದೆ. ಏಜೆಂಟ್ ಬಂದಾಗ, 'ಇವ ಬೊಂಬಾಯಿಯವ' ಎಂದದ್ದಕ್ಕೆ ಬಾಗಿಲ ಹತ್ತಿರದಿಂದ ಶಮೀಮಾ ತಿದ್ದಿದಳು: 'ಅಲ್ಲ ವಿಜೇತಣ್ಣ, ಉಮ್ಮ ಹೇಳ್ತಿದ್ದದ್ದು ಕಾಞಂಗಾಡಿನವ ಅಂತ.' ಅವಳು ಅಳುತ್ತಿದ್ದಳು. ನಿನಗೆ ಹೇಳಬಾರದು ಎಂದಿದ್ದಾಳೆ, ಹಾಗಾಗಿ ನೀನು ಇದನ್ನು ಓದಿಲ್ಲ ಎಂದಿಟ್ಟುಕೋ.

ಹಾಗೆ ಹಗ್ಗ ಬಿಚ್ಚುವ ಜಾಗಕ್ಕೆ ಬಂದೆವು. ಮುದುಕಿ ಹುಡುಗನ ಮುಖವನ್ನೇ ನೋಡುತ್ತ ತುಟಿ ಆಡಿಸುತ್ತಾಳೆ, ಗಾಳಿ ಬೀಸುತ್ತದೆ. ನಾನು ಸುಮ್ಮನಾದೆ. ಯಾಕೆಂದರೆ ಅಲ್ಲಿ ಎಂತ ಹೇಳಬೇಕೆಂದು ನನಗೆ ಗೊತ್ತಿಲ್ಲ. ಎಷ್ಟು ಸಲ ನೋಡಿದರೂ ಉಮ್ಮ ಅಲ್ಲಿಗೆ ಬಂದಾಗ, 'ಅದು ದೊಡ್ಡವರ ಮಾತು, ನಿಮಗೆ ಬೇಡ' ಎಂದು ದಾಟಿಸಿಬಿಡುತ್ತಿದ್ದರು.

ಒಮ್ಮೆ ಮಾತ್ರ ದಾಟಿಸಲಿಲ್ಲ. ನೀನು ಮೊದಲ ಸಲ ಶಾರ್ಜಾಕ್ಕೆ ಹೊರಟ ದಿನ. ನಿನ್ನ ರಟ್ಟಿನ ಪೆಟ್ಟಿಗೆಯನ್ನು ಉಮ್ಮ ಹಗ್ಗ ಹಾಕಿ ಬಿಗಿದು, ಬಿಚ್ಚಿ, ಒಣಸಿಗಡಿಯ ಪೊಟ್ಟಣ ತುರುಕಿ ಮತ್ತೆ ಬಿಗಿದಿದ್ದರು. ಹೊರಡಲು ಇನ್ನೂ ಹೊತ್ತಿತ್ತು. ಆ ಸಿ.ಡಿ. ಹಾಕು ಎಂದವರು ಅವರೇ. ಕೊನೆ ಬರುವ ಮೊದಲು ನಾನು ಜೀಪು ಕರೆಯಲು ಪೇಟೆಗೆ ಹೋದೆ. ಬರುವಾಗ ಟಿವಿಯಲ್ಲಿ ಹೆಸರುಗಳು ಓಡುತ್ತಿದ್ದವು. ನೀನು ನೆಲ ನೋಡುತ್ತಿದ್ದೆ, ಉಮ್ಮ ತಲೆಗೆ ಹೊದ್ದ ತಟ್ಟದ ತುದಿಯಿಂದ ಮೂಗು ಒರೆಸುತ್ತಿದ್ದರು. 'ಎಂತ ಹೇಳಿದಳು ಮುದುಕಿ?' ಎಂದು ಕೇಳಿದೆ. 'ಹೇಳಿ ಆಯಿತು' ಎಂದರು ಉಮ್ಮ. ದಾರಿಯಲ್ಲಿ ನಿನ್ನನ್ನು ಕೇಳಿದೆ, ನೀನು ಕಿಟಕಿಯ ಹೊರಗೆ ನೋಡಿದೆ. ಮತ್ತೆ ಕೇಳಲಿಲ್ಲ.

ಮಕ್ಕಳು ಬಿಡುತ್ತಾರಾ? ದೀಪ ಹಾಕಿದ ಕೂಡಲೇ ಅದೇ ಹುಡುಗಿ, 'ಅಜ್ಜಿ ಎಂತ ಹೇಳಿದ್ದು ಮಾಸ್ಟ್ರೇ?' ನನಗೆ ಗೊತ್ತಿಲ್ಲ, ಗೊತ್ತಿರುವವ ಒಬ್ಬ ಶಾರ್ಜಾದಲ್ಲಿದ್ದಾನೆ ಎಂದೆ. ಈಗ ದಿನ ಬೆಳಗಾದರೆ ಹಾಜರಿ ಕರೆಯುವ ಮೊದಲೇ, 'ಅವರು ಬಂದರಾ?' ಎಂದು ಕೇಳುತ್ತಾರೆ. ಪಾಠಕ್ಕೆ ಇಷ್ಟು ಕುತೂಹಲ ತೋರಿಸಿದ್ದರೆ ನಾನು ಎಂದೋ ಒಳ್ಳೆಯ ಮಾಸ್ಟ್ರು ಎನ್ನಿಸಿಕೊಳ್ಳುತ್ತಿದ್ದೆ.

ಹೆಲ್ಮಿ ತಮ್ಮ ಕೆಲಸ ಮುಗಿಸಿದರು. ಅವರ ಸಿನಿಮಾದಲ್ಲಿ ಆ ಜಾಗಕ್ಕೆ ಮಂತ್ರ ಇದೆ, ಅದು ಲೋಕಕ್ಕೆಲ್ಲ ಗೊತ್ತು. ಉಮ್ಮನ ಸಿನಿಮಾದಲ್ಲಿ ಆ ಜಾಗದಲ್ಲಿ ಇರುವುದು ನಿನಗೊಬ್ಬನಿಗೇ ಗೊತ್ತು. ವಾಯ್ಸ್ ಮೆಸೇಜ್ ಮಾಡಬೇಡ, ನಾನು ಕೇಳುವುದಿಲ್ಲ. ಬಾ. ಶಮೀಮಾ ನಿನ್ನ ಕೋಣೆಯಲ್ಲಿ ಮಕ್ಕಳ ಸೈಕಲ್ ಇಟ್ಟಿದ್ದಾಳೆ, ಬೈದು ತೆಗೆಸು. ಪಳ್ಳಿಯ ಹಿಂದೆ ಉಮ್ಮನ ಹತ್ತಿರ ಹೋಗಿ ಬಾ, ನಾನು ಗೇಟಿನಲ್ಲಿ ನಿಂತಿರುತ್ತೇನೆ. ಆಮೇಲೆ ವಾಚನಾಲಯಕ್ಕೆ ಹೋಗಿ ಆ ಸಿನಿಮಾ ಇನ್ನೊಮ್ಮೆ ಹಾಕುವ. ಆ ಮಾತು ನಿನಗೆಂದೇ ಹೇಳಿದ್ದಾದರೆ ಹೇಳಲೇಬೇಡ. ಆ ಜಾಗ ಬಂದಾಗ ನನ್ನ ಪಕ್ಕ ಸುಮ್ಮನೆ ಕೂತಿರು, ನನಗೆ ಅಷ್ಟು ಸಾಕು.

ಒಂದು ಮಾತು ಬಾಕಿ. ಸಿನಿಮಾದಲ್ಲಿ ದೋಣಿ ಹಿಂದೆ ಬರುವುದಿಲ್ಲ, ಅಲ್ಲಿಗೇ ಮುಗಿಯುತ್ತದೆ. ಆದರೆ ಉಮ್ಮ ಪ್ರತಿ ಸಲವೂ, ಪರದೆ ಕಪ್ಪಾಗಿ ಹೆಸರುಗಳು ಮೇಲೆ ಹೋಗುತ್ತಿರುವಾಗ, ಮೊಣಕಾಲು ಹಿಡಿದು ಏಳುತ್ತ ಒಂದು ಮಾತು ಸೇರಿಸುತ್ತಿದ್ದದ್ದು ನಿನಗೆ ನೆನಪಿರಬೇಕು. ಶನಿವಾರ ಮಕ್ಕಳು, 'ಆ ಅಣ್ಣ ಮತ್ತೆ ಬರ್ತಾನಾ?' ಎಂದು ಕೇಳಿದಾಗ ನಾನು ಅದನ್ನೇ ಹೇಳಿದ್ದೇನೆ: 'ರಜೆ ಸಿಕ್ಕಿದ ಕೂಡಲೇ ಬರ್ತಾನೆ.'

ಉಮ್ಮನ ಮಾತು ಸುಳ್ಳು ಮಾಡಬೇಡ ತಂಸೀರ್.

ಹೆಲ್ಮಿಯ ಕೈಗಳಿಗೆ ವಿಶ್ರಾಂತಿ ಸಿಗಲಿ, ನಿನಗೆ ರಜೆ ಸಿಗಲಿ.

ಗೇಟಿನ ಹೊರಗೆ ಕಾಯುತ್ತಿರುವ
ವಿಜೇತ್