ನಮ್ಮವರು ಯಾರೂ ಇಲ್ಲ

ಭಾನುವಾರ, ಹದಿನೇಳನೇ ತಾರೀಖು
ಮಧ್ಯಾಹ್ನ

ತಮ್ಮನಿಗೆ ಅಕ್ಕನ ಆಶೀರ್ವಾದ.

ನೀನೂ ನಿನ್ನ ಹೆಂಡತಿಯೂ ಆರೋಗ್ಯವಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಎರಡು ಕಾಗದಗಳೂ ಬಂದು ಹತ್ತು ದಿನ ಆಯಿತು. ಫೋನ್ ಎತ್ತದ ಅಕ್ಕನಿಗೆ ಕಾಗದವಾದರೂ ಮುಟ್ಟಲಿ ಅಂತ ಬರೆದಿದ್ದೀಯ. ಮುಟ್ಟಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಅಂತ ಇಲ್ಲಿ ಬರೆಯಬೇಕು. ಮಾಡಿಕೋ. ಸ್ವಲ್ಪ ಹೆಚ್ಚಾಗಿಯೇ ಮಾಡಿಕೋ.

ಎರಡು ಕಾಗದದಲ್ಲೂ ‘ಗುಬ್ಬಿಯ ಸುದ್ದಿ ಏನಾದರೂ ಬಂತಾ’ ಅಂತ ಕೇಳಿದ್ದೀಯ. ನನ್ನ ಮಗಳಿಗೆ ನೀನೇ ಇಟ್ಟ ಮುದ್ದಿನ ಹೆಸರನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟೆಯಲ್ಲ! ಸುದ್ದಿ ಬಂದಿದೆ, ಹೇಳುತ್ತೇನೆ. ಅದಕ್ಕೆ ಮೊದಲು ನೀನು ಹಾಕಿದ ಸುದ್ದಿಯ ಕತೆ ಕೇಳು.

ಹೋದ ತಿಂಗಳು ಆ ಬುಧವಾರ ಬೆಳಿಗ್ಗೆ ನಾನು ಬೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಹೋದಾಗ ಅಂಟಜ್ಜ ಮೇಜಿನ ಮೇಲೆ ಪೇಪರ್ ಹಾಸುತ್ತಿದ್ದ. ಮೂವತ್ತು ವರ್ಷದಿಂದ ಅಂಟು ಕಾಯಿಸುವ ಮುದುಕ ಆತ. ಮೇಜಿಗೆ ಹಾಸುವ ಮುಂಚೆ ತಲೆಬರಹಗಳನ್ನು ನಮಗೆಲ್ಲ ಓದಿ ಹೇಳುತ್ತಾನೆ. ಮೊದಲ ಪುಟದಲ್ಲೇ ಇತ್ತು. ‘ಭೀಕರ ಭೂಕಂಪ: ನಾಲ್ಕು ಸಾವಿರ ಸಾವು’. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ‘ನಮ್ಮವರು ಯಾರೂ ಇಲ್ಲ’.

‘ಸದ್ಯ!’ ಅಂದ ಅಂಟಜ್ಜ. ಹೊಲಿಗೆ ಹಾಕುವ ಹುಡುಗಿಯರೂ ‘ಸದ್ಯ’ ಅಂದರು. ಅಂಟಜ್ಜ ಆ ನಾಲ್ಕು ಸಾವಿರ ಜನರ ಮೇಲೆ ಅಂಟಿನ ಡಬ್ಬಿ ಇಟ್ಟ. ಎಲ್ಲರೂ ಟೀ ಕುಡಿದರು. ನಾನೂ ಲೋಟ ಹಿಡಿದು ನಿಂತಿದ್ದೆ. ಅವರಿಗೆ ಏನು ಗೊತ್ತು? ನನ್ನ ಮಗಳು ನಮ್ಮದೇ ದೇಶದ ಇನ್ನೊಂದು ಮೂಲೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ ಅಂತ ಎಂಟು ವರ್ಷದಿಂದ ನಂಬಿಸಿಕೊಂಡು ಬಂದಿದ್ದೇನೆ. ಎಕ್ಸ್‌ರೇ ಮಷೀನು ಜೋಡಿಸಲು ಬಂದ ಪರದೇಶದವನ ಹಿಂದೆ ಹೋದಳು, ಈಗ ಭೂಕಂಪವಾದ ಅವನ ಊರಲ್ಲೇ ಸಂಸಾರ ಹೂಡಿದಳು ಅನ್ನೋದು ಇಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ನನಗೆ, ನಿನಗೆ. ನಿನಗೆ ಗೊತ್ತಿತ್ತು. ಆ ಊರಿನ ಹೆಸರೂ ಗೊತ್ತಿತ್ತು. ಆದರೂ ಆ ತಲೆಬರಹ ಹಾಕಿದೆ.

ನೀನು ಹೊರದೇಶದ ಸುದ್ದಿಯ ಪುಟ ನೋಡಿಕೊಳ್ಳಲು ಶುರುಮಾಡಿದ ವರ್ಷ ನಮ್ಮ ಮನೆಯಲ್ಲಿ ಕಾಲು ಚಾಚಿ ಕೂತು ಹೇಳಿದ್ದೆ: ‘ಅಕ್ಕಾ, ನಮ್ಮ ಕಸುಬಲ್ಲಿ ಒಂದು ಅಳತೆ ಇದೆ. ನಮ್ಮೂರಲ್ಲಿ ಗೋಡೆ ಬಿದ್ದು ಒಬ್ಬ ಸತ್ತರೆ ಒಂದು ಕಾಲಂ. ಸಮುದ್ರದಾಚೆ ಸಾವಿರ ಜನ ಸತ್ತರೆ ನಾಲ್ಕು ಸಾಲು. ಜಾಹೀರಾತು ಬಂದುಬಿಟ್ಟರೆ ಮೂರು.’ ಅವತ್ತು ನಾನೂ ನಕ್ಕಿದ್ದೆ. ಸತ್ತವರು ಯಾರ ಮನೆಯವರು ಅಂತ ಯೋಚಿಸುವಷ್ಟು ವ್ಯವಧಾನ ನನಗೂ ಇರಲಿಲ್ಲ. ಈ ಸಲ ದಿನಾ ಪೇಪರ್ ತಿರುವಿ ನೋಡಿದೆ. ಗುರುವಾರ ಮೂರನೇ ಪುಟ. ಶುಕ್ರವಾರ ಏಳನೇ ಪುಟ, ಬೂಟಿನ ಅಂಗಡಿಯ ಜಾಹೀರಾತಿನ ಪಕ್ಕ. ಭಾನುವಾರ ಎಲ್ಲೂ ಇಲ್ಲ. ಆ ಊರಲ್ಲಿ ಕಲ್ಲು ಎತ್ತುವುದು ಮುಗಿದಿರಲಿಲ್ಲ, ನಿನ್ನ ಪುಟದಲ್ಲಿ ಮುಗಿದಿತ್ತು.

ಇಲ್ಲಿಯ ಜನರ ಮಾತು ಕೇಳಿದ್ದರೆ ನೀನು ನಿನ್ನ ಅಳತೆ ಸರಿಯಾಗಿಯೇ ಇದೆ ಅಂತ ಖುಷಿಪಡುತ್ತಿದ್ದೆ. ಮೇಲ್ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, ‘ನಿನ್ನೆ ಆರು ಸಾವಿರ ಅಂದಿದ್ರು, ಇವತ್ತು ನೋಡಿದ್ರೆ ನಾಲ್ಕೂವರೆಯಂತೆ’ ಅಂದಳು, ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ ಹಾಗೆ. ‘ಅಲ್ಲಿ ಆಗಾಗ ಹೀಗಾಗುತ್ತೆ ಬಿಡಿ, ಅವರಿಗೆ ಅಭ್ಯಾಸ’ ಅಂದ ಅವಳ ಗಂಡ. ನಮ್ಮ ಮಾಲೀಕ ಒಂದು ನಿಮಿಷ ಮೌನ ಆಚರಿಸೋಣ ಅಂತ ಎಲ್ಲರನ್ನೂ ನಿಲ್ಲಿಸಿದ. ಅರ್ಧ ನಿಮಿಷಕ್ಕೆ ಅವನ ಫೋನ್ ಬಡಿದುಕೊಂಡಿತು. ‘ಹೇಳಿ ಹೇಳಿ, ಸುಮ್ಮನೆ ನಿಂತಿದ್ದೆ’ ಅಂತ ಮಾತಾಡುತ್ತಾ ಹೊರಗೆ ಹೋದ. ನಾವು ಕತ್ತು ಬಗ್ಗಿಸಿಕೊಂಡೇ ನಿಂತಿದ್ದೆವು, ಯಾವಾಗ ಎತ್ತಬೇಕು ಅಂತ ಗೊತ್ತಾಗದೆ. ಬಟ್ಟೆಬರೆ ಕೊಡಿ ಅಂತ ಬಾಗಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನೂ ಇಟ್ಟ. ಸಂಜೆಗೆ ಅದರಲ್ಲಿ ಜಿಪ್ಪು ಹೋದ ರೇನ್‌ಕೋಟು, ಮೂರು ಟೈ, ಯಾರದೋ ಈಜುವ ಬಟ್ಟೆ. ಮನೆ ಬಿದ್ದವರಿಗೆ ಟೈ! ನನಗೆ ಮೈಯೆಲ್ಲ ಉರಿಯಿತು. ಬಾಯಿಬಿಟ್ಟು ಬೈಯಬೇಕೆಂದರೆ ಯಾಕೆ ಅಂತ ಹೇಳಬೇಕು. ಹಲ್ಲು ಕಚ್ಚಿಕೊಂಡು ಅಚ್ಚಾದ ಹಾಳೆಗಳ ಫಾರಂ ಮಡಿಚಿದೆ. ಅವತ್ತು ನಾನು ಮಡಿಚಿದ ಪುಸ್ತಕಗಳಲ್ಲಿ ಪುಟಗಳು ಹಿಂದುಮುಂದಾಗಿ ನಲವತ್ತು ಪ್ರತಿ ಬಿಚ್ಚಬೇಕಾಯಿತು.

ಶುಕ್ರವಾರ ರಜೆ ಹಾಕಿ, ಹೊರದೇಶದಲ್ಲಿರುವವರ ಬಗ್ಗೆ ವಿಚಾರಿಸುವ ಸರ್ಕಾರಿ ಕಚೇರಿಗೆ ಹೋದೆ. ಕೌಂಟರಿನವನು ಒಳ್ಳೆಯವನೇ. ಹೆಸರು, ವಯಸ್ಸು, ಸಂಬಂಧ ಎಲ್ಲ ಬರೆದುಕೊಂಡ.

‘ಕೊನೇ ಸಲ ಮಾತಾಡಿದ್ದು ಯಾವಾಗಮ್ಮ?’

‘ಎಂಟು ವರ್ಷ ಆಯ್ತು.’

ಅವನ ಪೆನ್ನು ನಿಂತಿತು. ‘ಎಂಟು ದಿನಾನಾ?’

‘ವರ್ಷ.’

‘ಮತ್ತೆ ಅಲ್ಲೇ ಇದ್ದಾರೆ ಅಂತ ಹೇಗೆ ಹೇಳ್ತೀರಿ?’

ವರ್ಷಕ್ಕೊಂದು ಕಾಗದ ಬರುತ್ತಿತ್ತು ಅಂದೆ. ಒಡೆಯದ ಎಂಟು ಲಕೋಟೆಗಳನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟೆ. ಅವನು ಹಿಂದಿದ್ದ ವಿಳಾಸ ಬರೆದುಕೊಂಡ, ಲಕೋಟೆ ಯಾಕೆ ಒಡೆದಿಲ್ಲ ಅಂತ ಕೇಳಲಿಲ್ಲ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ಆದರೆ ಕೊನೆಗೆ ಏನೆಂದ ಗೊತ್ತಾ? ‘ನೋಡೋಣಮ್ಮ, ಗಾಬರಿ ಬೇಡ. ಪೇಪರಲ್ಲೇ ಬಂದಿದೆಯಲ್ಲ, ನಮ್ಮವರು ಯಾರೂ ಇಲ್ಲ ಅಂತ.’

‘ಅದನ್ನ ಬರೆದವನು ನನ್ನ ತಮ್ಮ’ ಅಂದೆ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಂಡನೋ ಏನೋ, ನಕ್ಕ.

ಲಕೋಟೆಗಳನ್ನು ಅಲ್ಲೇ ಬೆಂಚಿನ ಮೇಲೆ ಕೂತು ಒಡೆದೆ. ಎಂಟರಲ್ಲೂ ಒಂದೊಂದೇ ಪುಟ. ಜಗಳವಿಲ್ಲ, ಅಳುವಿಲ್ಲ. ಅಲ್ಲಿ ಚಳಿ ಹೇಗೆ, ಲ್ಯಾಬಿನಲ್ಲಿ ಕೆಲಸ ಹೇಗೆ, ಗಂಡ ನಮ್ಮ ಭಾಷೆ ಕಲಿಯಲು ಹೋಗಿ ಮಾಡುವ ಎಡವಟ್ಟು. ಆರನೆಯದರಲ್ಲಿ ಒಂದು ಮಗುವಿನ ಫೋಟೊ. ನನ್ನ ಮೂಗು ಅದಕ್ಕೆ, ಪಾಪ.

ಹನ್ನೊಂದನೇ ದಿನ, ಶನಿವಾರ ಮಧ್ಯಾಹ್ನ ಫೋನ್ ಬಂತು. ಗೊತ್ತಿಲ್ಲದ ದನಿ. ‘ಅಮ್ಮ. ನಾನು ಅಳಿಯ. ಅವಳು ಇದೆ.’ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ. ಕೇಳಿಸಲಿಲ್ಲವೇನೋ ಅಂತ ಅವನು ಇನ್ನೂ ಗಟ್ಟಿಯಾಗಿ, ನಿಧಾನವಾಗಿ ಹೇಳಿದ: ‘ಅವಳು ಇದೆ ಅಮ್ಮ. ಮಗು ಇದೆ. ಒಂದು ಕಾಲು ಇಲ್ಲ. ಅವಳು ಇದೆ.’ ಎಂಟು ವರ್ಷ ಮನಸ್ಸಿನಲ್ಲೇ ಶಾಪ ಹಾಕಿದ ಮನುಷ್ಯ ಅವನು. ಅವನ ತಪ್ಪು ಕನ್ನಡವನ್ನು ಕೈಮುಗಿದು ಕೇಳಿಸಿಕೊಂಡೆ.

ಲ್ಯಾಬಿನ ಛಾವಣಿ ಕುಸಿದು ಎರಡು ದಿನ ಒಳಗೇ ಇದ್ದಳಂತೆ. ಎಡಗಾಲು ಮಂಡಿಯಿಂದ ಕೆಳಗೆ ತೆಗೆದಿದ್ದಾರೆ. ಮಗು ಹೊರಗೆ ಆಡಿಕೊಂಡಿದ್ದರಿಂದ ಉಳಿಯಿತು. ಆಮೇಲೆ ಅವಳೇ ಫೋನ್ ತಗೊಂಡಳು. ‘ಅಮ್ಮ’ ಅಂದಳು. ಇಬ್ಬರೂ ಬಹಳ ಹೊತ್ತು ಅತ್ತೆವು. ಅತ್ತು ಮುಗಿದ ಮೇಲೆ ಅವಳು ಹೇಳಿದ ಮೊದಲ ಮಾತು ನಿನ್ನ ಬಗ್ಗೆ. ಡೇರೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನರ್ಸಿನ ಫೋನ್ ಇಸ್ಕೊಂಡು ನಮ್ಮೂರ ಪೇಪರ್ ತೆಗೆದು ನೋಡಿದಳಂತೆ. ಊರಲ್ಲಿ ಯಾರಾದರೂ ಹುಡುಕುತ್ತಿದ್ದಾರಾ ಅಂತ. ‘ಮಾವನ ಪುಟ ನೋಡಿದೆ ಅಮ್ಮ’ ಅಂದಳು. ‘ಕಾಲು ತೆಗೆದಾಗ ಮತ್ತಿನ ಇಂಜೆಕ್ಷನ್ ಕೊಟ್ಟಿದ್ರು, ನೋವು ಗೊತ್ತಾಗಲಿಲ್ಲ.’ ಅಷ್ಟೇ ಅಂದದ್ದು. ನೀನೇ ಅರ್ಥ ಮಾಡಿಕೋ, ಮಾತಿನ ಮನುಷ್ಯ ನೀನು.

ಆದ್ದರಿಂದ ನೀನು ಅವಳಿಗೆ ಬರೆ. ಪೇಪರಿನಲ್ಲಿ ತಿದ್ದುಪಡಿ ಹಾಕು ಅಂತ ಕೇಳುವುದಿಲ್ಲ, ಯಾರೂ ಓದದ ಮೂಲೆಯಲ್ಲಿ ಒಂದು ಸಾಲು ಹಾಕುತ್ತೀಯ. ನಿನ್ನ ಕೈಬರಹದಲ್ಲಿ ಬರೆ. ಅಳತೆ ನೋಡದೆ ಬರೆ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಮಾಲೀಕನಿಗೆ, ಅಂಟಜ್ಜನಿಗೆ, ಮೇಲ್ಮನೆಯಾಕೆಗೆ, ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಮೇಲ್ಮನೆಯಾಕೆ ಈಗ ದಿನಾ ಬಂದು ಕಾಲಿನ ಬಗ್ಗೆ ಕೇಳುತ್ತಾಳೆ. ನಾಲ್ಕೂವರೆ ಸಾವಿರ ಜನಕ್ಕೆ ಬಾರದ ಕಣ್ಣೀರು ಒಂದು ಕಾಲಿಗೆ ಬಂದಿದೆ.

ನಿನಗೂ ನಿನ್ನ ಹೆಂಡತಿಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲಿ ಹರಸಿದರೂ ಅಕ್ಕನ ಹರಕೆ ತಟ್ಟುತ್ತದೆ ಅಂದುಕೊಂಡಿದ್ದೇನೆ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಭೂಕಂಪವಾದ ಆ ಮಂಗಳವಾರ ಸಂಜೆ ನೀನು ಫೋನ್ ಮಾಡಿದ್ದೆ. ‘ಅಕ್ಕಾ, ಪುಟ ಕಟ್ಟುತ್ತಾ ಇದ್ದೀನಿ. ನಮ್ಮ ದೇಶದವರು ಯಾರೂ ಸಿಕ್ಕಿಹಾಕಿಕೊಂಡಿಲ್ಲ ಅಂತ ಇಲಾಖೆಯವರು ಹೇಳ್ತಿದ್ದಾರೆ. ಅಲ್ಲಿ ನಮ್ಮವರು ಇದ್ದಾರಲ್ಲಾ ಅಕ್ಕಾ, ಏನು ಮಾಡಲಿ?’ ಅಂದೆ. ಮೇಲ್ಮನೆಯಾಕೆ ಟೀ ಲೋಟ ಹಿಡಿದು ನನ್ನ ಎದುರಿಗೇ ಕೂತಿದ್ದಳು. ‘ಅಲ್ಲಿ ನಮ್ಮವರು ಯಾರಿದ್ದಾರಪ್ಪ? ಯಾರೂ ಇಲ್ಲ’ ಅಂದೆ. ನೀನು ಇನ್ನೊಂದು ಸಲ ಕೇಳಿದೆ. ‘ಎಷ್ಟು ಸಲ ಹೇಳಬೇಕು ನಿನಗೆ?’ ಅಂತ ಗದರಿ ಇಟ್ಟುಬಿಟ್ಟೆ. ನಿನ್ನ ಎರಡು ಕಾಗದದಲ್ಲೂ ನೀನು ಅದನ್ನು ಎತ್ತಿಲ್ಲ.

ಗುಬ್ಬಿ ಆ ಶನಿವಾರ ಫೋನಿನಲ್ಲಿ ಕೇಳಿದಳು: ‘ಮಾವ ನಿನ್ನನ್ನ ಒಂದು ಮಾತು ಕೇಳಲೇ ಇಲ್ವಾ ಅಮ್ಮ?’ ಇಲ್ಲ ಅಂದೆ.

ಈಗ ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ಇವತ್ತೂ ಮಾಡಿದ್ದಳು. ನೀನು ಕೇಳಿದ್ದೆ ಅಂತ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ‘ಊಟ ಆಯ್ತಾ?’ ಅಂತ ಕೇಳಿದೆ. ಮೂರನೇ ಸಲ ಅವಳು ನಕ್ಕು, ‘ಆಯ್ತಮ್ಮ, ಎಷ್ಟು ಸಲ ಕೇಳ್ತೀಯ?’ ಅಂದಳು.