ನಾಲ್ಕು ಜನಕ್ಕೊಂದು ಗಾಡಿ

ಫೆಬ್ರವರಿ 9, ಭಾನುವಾರ. ಸಂಜೆ 6

ಮಳೆ ಇಲ್ಲ. ಮೆಣಸಿಗೆ ಎರಡನೇ ದಿನದ ಬಿಸಿಲು. ಮಧ್ಯಾಹ್ನ ಮಾಡಿದ ಅನ್ನ ರಾತ್ರಿಗೂ ಇದೆ, ನಾಳೆಗೂ ಇರುತ್ತದೆ. ಒಬ್ಬನಿಗೆ ಅಕ್ಕಿ ಎಷ್ಟು ಹಾಕಬೇಕೆಂದು ಇನ್ನೂ ಗೊತ್ತಾಗಿಲ್ಲ. ಅವ್ವ ಹೋಗಿ ಎರಡು ವರ್ಷ.

ಮೊಯ್ದು ಬಂದಿದ್ದ, ಜೀಪಿನ ಕ್ಲಚ್ ನೋಡಲು. ಏಳನೇ ಕ್ಲಾಸಿನ ತನಕ ಒಂದೇ ಬೆಂಚು ನಾವು. ಈಗ ಬಾಳೂರಿನಲ್ಲಿ ಅವನದು ಗ್ಯಾರೇಜು. ಕ್ಲಚ್ ಬಿಟ್ಟು ಬೇರೆ ಮಾತು ತೆಗೆದ. ಅವನ ಹೆಂಡತಿ ಸುಗ್ರಾಬೀಗೆ ಕಳಸದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಒಬ್ಬರ ಪರಿಚಯವಂತೆ. ಹೆಸರು ರಶ್ಮಿ. ಮೂವತ್ತೇಳು. ಗಂಡ ನಂದನ್ ಜಾಂಡಿಸ್ ಆಗಿ ತೀರಿಕೊಂಡು ಐದು ವರ್ಷ. ಹನ್ನೊಂದು ವರ್ಷದ ಮಗಳು. ಗಂಡನ ತಾಯಿಯೂ ಜೊತೆಗೇ ಇದ್ದಾರೆ.

"ನಾಕ್ ಎಕ್ರೆ ತೋಟದವ್ನಿಗೆ ಹೆಣ್ಣಿಲ್ಲ ಅಂತ ಹದಿನೈದ್ ವರ್ಷ ಕೇಳಿಸ್ಕೊಂಡ್ಯಲ್ಲ ಕೇಶವ. ಒಂದ್ಸಲ ಹೋಗಿ ಮಾತಾಡು ಮಾರಾಯ. ಚಾ ಕುಡ್ದು ಬಂದ್ರೆ ಏನ್ ನಷ್ಟ?"

ನೋಡೋಣ ಅಂದೆ. ಅವನು ಹೋದ ಮೇಲೆ ಕನ್ನಡಿ ನೋಡಿದೆ. ನಲವತ್ನಾಲ್ಕು ಅಂದರೆ ಹೀಗಿರುತ್ತದೆ.

ಫೆಬ್ರವರಿ 16, ಭಾನುವಾರ

ಕಳಸಕ್ಕೆ ಹೋಗಿ ಬಂದೆ. ಜೀಪನ್ನು ಬಸ್ ಸ್ಟ್ಯಾಂಡ್ ಹತ್ತಿರ ಬಿಟ್ಟು ನಡೆದುಕೊಂಡೇ ಹೋದೆ. ಬಾಗಿಲಿಲ್ಲದ ಜೀಪು, ಗೊಬ್ಬರದ ವಾಸನೆ — ಮೊದಲ ದಿನವೇ ಬೇಡ ಅನಿಸಿತು.

ರಶ್ಮಿ ನೇರ ಮಾತಿನವರು. ಚಹಾ ಕೊಟ್ಟು ಎದುರಿಗೇ ಕೂತರು.

"ಎಲ್ಲ ಮೊದ್ಲೇ ಹೇಳ್ಬಿಡ್ತೀನಿ. ಕೆಲ್ಸ ಬಿಡಲ್ಲ, ದಿನಾ ಕಳಸಕ್ಕೆ ಬಂದು ಹೋಗ್ತೀನಿ. ಮಗಳು ನನ್ ಜೊತೆ. ಅತ್ತೆನೂ ನನ್ ಜೊತೆ. ಬಂದ್ರೆ ಮೂರು ಜನಾನೂ ಬರೋದು. ಆಗುತ್ತಾ?"

ಆಗುತ್ತೆ ಅಂದೆ. ಸ್ವಲ್ಪ ಯೋಚಿಸಿದ ಹಾಗಾದರೂ ಮಾಡಬೇಕಿತ್ತೇನೋ.

ಮಗಳು ರಕ್ಷಾ ಒಳಬಾಗಿಲಿನಿಂದ ಕೇಳಿದಳು, "ಇವರ ಹತ್ರ ಜೀಪಿರೋದಾ? ನಂಗೆ ವಾಂತಿ ಬರತ್ತೆ." ಅಜ್ಜಿ ತುಂಗಮ್ಮನವರು ಮೆಲ್ಲಗೆ, "ನಂಗೂ ಜೀಪು ಹತ್ತಕ್ಕಾಗಲ್ಲ. ಮಂಡಿ ಬಗ್ಗಲ್ಲ."

ಕಾರು ತಗೊಳ್ತೀನಿ ಅಂದುಬಿಟ್ಟೆ.

"ಎಂಥಾ ಕಾರು ಇಷ್ಟ ನಿಮ್ಗೆ?" ರಶ್ಮಿ ಕೇಳಿದರು.

"ಮೈಲೇಜ್ ಚೆನ್ನಾಗಿರ್ಬೇಕು."

"ಅದು ಲೆಕ್ಕ. ನಾನು ಇಷ್ಟ ಕೇಳಿದ್ದು."

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಕೆಳಗೂರು ದಾಟಿದರೂ ಉತ್ತರ ಬರಲಿಲ್ಲ.

ಮಾರ್ಚ್ 2, ಭಾನುವಾರ

ಮಳೆ ಇಲ್ಲ. ಕಣದ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸರಿಯಾಗಿ ಸಿಗುತ್ತದೆ, ಮನೆಯೊಳಗೆ ಫೋನ್ ರಿಂಗ್ ಆಗುತ್ತದೆ ಅಷ್ಟೇ. ಅಲ್ಲೇ ಕುರ್ಚಿ ಹಾಕಿಕೊಂಡು ಮೂರು ದಿನದಿಂದ ಕಾರಿನ ವಿಡಿಯೋ ನೋಡುತ್ತಿದ್ದೇನೆ. ಎಲ್ಲರೂ "ಫನ್ ಟು ಡ್ರೈವ್" ಅನ್ನುತ್ತಾರೆ. ಫನ್… ನನಗೆ ಕೊನೆಯ ಸಲ ಯಾವಾಗ? ಇಪ್ಪತ್ತೆರಡನೇ ವಯಸ್ಸಿನಲ್ಲಿ ಇರಬೇಕು. ಮೊಯ್ದು ಜೊತೆ ಕೊಟ್ಟಿಗೆಹಾರದ ತಿರುವುಗಳಲ್ಲಿ ಜೀಪು ಓಡಿಸಿದ್ದು, ಹಾಡು ಹೇಳಿಕೊಂಡು, ವೈಪರ್ ಕೆಟ್ಟು ಅವನು ಕೈಯಿಂದಲೇ ಗಾಜು ಒರೆಸುತ್ತಾ. ಆಮೇಲೆ ಜೀಪಿನಲ್ಲಿ ಹೋಗಿದ್ದು ಮೂಟೆಗಳು.

ಮೊಯ್ದುಗೆ ಫೋನ್ ಮಾಡಿದೆ. ಅಜ್ಜಿ ಹತ್ತುವಷ್ಟು ತಗ್ಗಿರಬೇಕು. ನಮ್ಮ ಮಣ್ಣು ರಸ್ತೆಯ ಕಲ್ಲು ತಾಗದಷ್ಟು ಎತ್ತರವೂ ಇರಬೇಕು. ಹುಡುಗಿಗೆ ತಲೆ ಸುತ್ತಬಾರದು. ದಿನಾ ಅರವತ್ತು ಕಿಲೋಮೀಟರ್ ಓಡಿದರೂ ಕೈ ಕಚ್ಚಬಾರದು. ಜೊತೆಗೆ ಸ್ವಲ್ಪ ಮಜಾ ಇರಬೇಕು.

"ಮಜಾ ಯಾರಿಗೆ?" ಅಂದ.

"ಎಲ್ರಿಗೂ."

"ಹಂಗಾದ್ರೆ ಸಣ್ಣ ಪೆಟ್ರೋಲ್ ಗಾಡಿ ನೋಡು. ದೊಡ್ಡದ್ರಲ್ಲಿ ಜಂಬ ಇರತ್ತೆ, ಮಜಾ ಇರಲ್ಲ."

ಮಾರ್ಚ್ 23, ಭಾನುವಾರ

ಹದಿನಾಲ್ಕಕ್ಕೆ ಬಿದ್ದ ಎಂಬತ್ತು ಸೆಂಟ್, ಅಂದರೆ ಮುಕ್ಕಾಲು ಇಂಚಿನ ಮೇಲಿನ ಮಳೆಗೆ ಇವತ್ತು ಕಾಫಿ ಹೂವು. ಇಡೀ ತೋಟ ಬಿಳಿ. ಎದ್ದವನೇ ಬಾಗಿಲಲ್ಲಿ ನಿಂತು "ನೋಡಲ್ಲಿ" ಅಂದೆ. ಅಂದ ಮೇಲೆ ತಿರುಗಿ ನೋಡಿದೆ.

ಫೋಟೋ ತೆಗೆದು ರಶ್ಮಿಗೆ ಕಳಿಸಿದೆ. ನಾಲ್ಕು ಗಂಟೆ ಬಿಟ್ಟು ಉತ್ತರ: "ಚೆನ್ನಾಗಿದೆ. ರಕ್ಷಾಗೂ ತೋರಿಸಿದೆ." ಎಷ್ಟು ಸಲ ಓದಿದೆನೋ.

ಏಪ್ರಿಲ್ 12, ಶನಿವಾರ. ರಾತ್ರಿ 8

ದೊಡ್ಡ ದಿನ. ಬರೆದೇ ಮಲಗಬೇಕು.

ಅವರು ಮೂವರೂ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಬಂದರು. ಶೋರೂಮಿನಲ್ಲಿ ಮೊದಲು ಎತ್ತರದ ಗಾಡಿ, ಮೇಲೆ ಸನ್‌ರೂಫ್ ಇರುವುದು. ರಕ್ಷಾಳ ಕಣ್ಣು ಅದರ ಮೇಲೇ. ತುಂಗಮ್ಮನವರು ಎರಡು ಸಲ ಕಾಲೆತ್ತಿದರು, ಆಗಲಿಲ್ಲ. ನಾನು ಕೈ ಚಾಚಿದೆ. ಅವರು ನನ್ನ ಕೈ ಬಿಟ್ಟು ಬಾಗಿಲನ್ನು ಹಿಡಿದುಕೊಂಡರು. "ಬೇಡ ಬಿಡಿ, ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ."

"ಅತ್ತೆ ಹತ್ತಕ್ಕಾಗ್ದಿರೋ ಗಾಡಿ ನಮ್ಗೆ ಬೇಡ," ರಶ್ಮಿ ಸೇಲ್ಸ್‌ನವನಿಗೇ ಹೇಳಿದರು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ಸಣ್ಣದು, ಕೆಂಪು. ತುಂಗಮ್ಮನವರು ಕುರ್ಚಿಗೆ ಕೂತ ಹಾಗೆ ಕೂತರು. ಕೈಮರದ ಕಡೆ ಹೊರಟೆವು. ರಕ್ಷಾ ಮೊದಲೇ ಪ್ಲಾಸ್ಟಿಕ್ ಕವರ್ ಹಿಡಿದು ಕೂತಿದ್ದಳು. ನಾನು ಕೋಳಿಮೊಟ್ಟೆ ಸಾಗಿಸುವವನಂತೆ ಓಡಿಸಿದೆ. ಗಾಡಿ ಹೇಳಿದ ಮಾತು ಕೇಳುತ್ತದೆ. ಸ್ಟೇರಿಂಗ್ ಹಗುರ, ತಿರುವಿನಲ್ಲಿ ನೆಲ ಕಚ್ಚಿಕೊಳ್ಳುತ್ತದೆ. ಆದರೂ ಭಯದಲ್ಲಿ ಮಜಾ ಎಲ್ಲಿ ಬರಬೇಕು.

ಕೈಮರದಲ್ಲಿ ರಶ್ಮಿ, "ನಾನು ಓಡಿಸ್ಲಾ? ಲೈಸೆನ್ಸ್ ಇದೆ. ಗಾಡಿ ಇಲ್ಲ ಅಷ್ಟೇ."

ಸೇಲ್ಸ್‌ನವನು ಲೈಸೆನ್ಸ್ ನೋಡಿ ಒಪ್ಪಿದ. ಮೊದಲ ತಿರುವಿನಲ್ಲಿ ಗಾಡಿ ಆಫ್ ಆಯಿತು. ಎರಡನೆಯದು ಪಾಸು. ಮೂರನೆಯದರಲ್ಲಿ ಅವರು ನಕ್ಕರು, ಜೋರಾಗಿ, ಯಾರಿಗೂ ಅಲ್ಲದ ನಗು. ಹಿಂದಿನಿಂದ ರಕ್ಷಾ, "ಅಮ್ಮ ಓಡಿಸಿದ್ರೆ ವಾಂತಿ ಬರಲ್ಲ!"

ಅದೇ ಗಾಡಿ ಅಂತ ಅಲ್ಲೇ ತೀರ್ಮಾನ. ಕಳಸದಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿತು. ಪಕ್ಕದ ಸೀಟಿನಲ್ಲಿ ಕೂತು ಆ ನಗು ಕೇಳುವುದು — ಅದು ನನಗಿಷ್ಟ. ಹೇಳಲಿಲ್ಲ. ಬುಕ್ ಮಾಡಿದೆ.

ಆಮೇಲೆ ಹೋಟೆಲಿನಲ್ಲಿ ಊಟ. ಬಡಿಸುವವನು ಬಕೆಟ್ ಹಿಡಿದು ಬಂದು ತುಂಗಮ್ಮನವರನ್ನು ಕೇಳಿದ, "ಅಜ್ಜಿ, ನಿಮ್ ಮಗಂಗೆ ಇನ್ನೊಂಚೂರು ಸಾಂಬಾರ್ ಹಾಕ್ಲಾ?"

ನನ್ನನ್ನು ತೋರಿಸಿ.

ತುಂಗಮ್ಮನವರು ಎಲೆ ಮಡಚಿದರು. ಅನ್ನ ಹಾಗೇ ಇತ್ತು.

ಏಪ್ರಿಲ್ 26, ಶನಿವಾರ

ತುಂಗಮ್ಮನವರು ಕೊಪ್ಪದಲ್ಲಿರುವ ಮಗಳ ಮನೆಗೆ ಹೋಗಿಬಿಟ್ಟಿದ್ದಾರೆ. ಗುರುವಾರವೇ, ಬಸ್ಸಿನಲ್ಲಿ, ರಶ್ಮಿ ಅಂಗಡಿಗೆ ಹೋಗಿದ್ದಾಗ. ಇನ್ನು ಅಲ್ಲೇ ಇರುತ್ತಾರಂತೆ. ನೀವು ಮದುವೆ ಮಾಡಿಕೊಂಡು ಚೆನ್ನಾಗಿರಿ ಅಂತ ಫೋನಿನಲ್ಲಿ ಹೇಳಿದರಂತೆ.

ರಶ್ಮಿ ಇವತ್ತು ಫೋನ್ ಮಾಡಿ ಹೇಳಿದರು. "ನಂದನ್ ಹೋದಾಗ ನನ್ನ ಎತ್ತಿ ನಿಲ್ಸಿದ್ದು ಅವರು. ಅವರನ್ನ ಹೊರಗೆ ಕಳ್ಸಿ ನಾನು ಮದ್ವೆ ಆಗ್ಲಾ? ನಂಗಾಗಲ್ಲ. ಇದನ್ನ ಇಲ್ಲಿಗೇ ಬಿಟ್ಬಿಡೋಣ. ತಪ್ಪು ತಿಳ್ಕೋಬೇಡಿ."

ತಿಳಿದುಕೊಳ್ಳಲ್ಲ ಅಂದೆ. ಫೋನಿಟ್ಟು ಬಹಳ ಹೊತ್ತು ಕಣದಲ್ಲೇ ಕೂತಿದ್ದೆ.

ಮೇ 14, ಬುಧವಾರ. ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ.

ಇವತ್ತು ಗಾಡಿ ಡೆಲಿವರಿ. ಕ್ಯಾನ್ಸಲ್ ಮಾಡು ಅಂದಿದ್ದ ಮೊಯ್ದು. ಮಾಡಬಹುದಿತ್ತು. ಕಾರಣ ಕೇಳಿದರೆ ಏನು ಹೇಳುವುದು?

ಬಸ್ಸಿನಲ್ಲಿ ಹೋದೆ. ಗಾಡಿಗೆ ರಿಬ್ಬನ್ ಕಟ್ಟಿದ್ದರು. ಪಕ್ಕದಲ್ಲಿ ಕೇಕು, ರಟ್ಟಿನ ದೊಡ್ಡ ಕೀ. ಸೇಲ್ಸ್‌ನವನಿಗೆ ನನ್ನ ಗುರುತು ಸಿಕ್ಕಿತು. "ಫ್ಯಾಮಿಲಿ ಬಂದಿಲ್ವಾ ಸಾರ್? ಪರ್ವಾಗಿಲ್ಲ, ಬರ್ಲಿ, ಫೋಟೋಗೆ ಕಾಯೋಣ."

ಬರ್ತಾರೆ ಅಂದೆ. ಯಾಕಂದೆನೋ. ಸೋಫಾದಲ್ಲಿ ಇಪ್ಪತ್ತು ನಿಮಿಷ ಕೂತೆ. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿದೆ — ಸುಳ್ಳು ಹೇಳಿದವನು ನಾನೇ, ನಂಬಿದವನೂ ನಾನೇ. ಆಮೇಲೆ ಎದ್ದು, ಬಸ್ ತಪ್ಪಿತಂತೆ ಅಂದೆ. ರಟ್ಟಿನ ಕೀ ಹಿಡಿದು ಒಬ್ಬನೇ ನಿಂತೆ. ಫೋಟೋದವನು "ಸ್ವಲ್ಪ ನಗಿ ಸಾರ್" ಅಂದ. ಉಳಿದ ಕೇಕನ್ನು ಡಬ್ಬಿಗೆ ಹಾಕಿ ಕೊಟ್ಟರು, ಮಕ್ಕಳಿಗೆ ಅಂತ.

ಮೂಡಿಗೆರೆಯಲ್ಲಿ ಇಪ್ಪತ್ತೈದು ಕೆಜಿ ಅಕ್ಕಿ ತಗೊಂಡು ಮುಂದಿನ ಸೀಟಿನಲ್ಲಿಟ್ಟೆ. ಹೊರಟ ಕೂಡಲೇ ಗಾಡಿ ಕೂಗಲು ಶುರು. ಪಕ್ಕದಲ್ಲಿ ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ ಅಂತ. ಎರಡು ಕಿಲೋಮೀಟರ್ ತಡೆದುಕೊಂಡೆ. ಕೊನೆಗೆ ಬದಿಗೆ ನಿಲ್ಲಿಸಿ ಅಕ್ಕಿಗೆ ಬೆಲ್ಟ್ ಹಾಕಿದೆ. ನಗು ಬಂತು. ಆಮೇಲೆ ಬರಲಿಲ್ಲ.

ಗಾಡಿ ಮಾತ್ರ ಚೆನ್ನಾಗಿದೆ. ಲೀಟರಿಗೆ ಇಪ್ಪತ್ತು ತೋರಿಸುತ್ತಿತ್ತು.

ಮೇ 18, ಭಾನುವಾರ. ರಾತ್ರಿ 9

ಕೊಪ್ಪಕ್ಕೆ ಹೋಗಿದ್ದೆ.

ಹೋಗಬೇಕೆಂದು ಹೊರಟಿದ್ದಲ್ಲ. ಕಳಸದವರೆಗೆ ಅಂತ ಹೊರಟೆ. ಅಲ್ಲಿ ನಿಲ್ಲಿಸಲು ಧೈರ್ಯವಾಗಲಿಲ್ಲ, ಬಾಳೆಹೊನ್ನೂರು ಬಂತು. ಅಲ್ಲಿಂದ ಕೊಪ್ಪ ಎಷ್ಟು ದೂರ? ವಿಳಾಸ ಹಿಂದೆ ರಶ್ಮಿ ಮಾತಿನಲ್ಲಿ ಹೇಳಿದ್ದು ನೆನಪಿತ್ತು.

ತುಂಗಮ್ಮನವರು ಮಗಳು ದಿವ್ಯಾಳ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವರ ಬ್ಯಾಗು, ಜಿಪ್ ಹಾಕಿಯೇ ಇತ್ತು. ಮೂರು ವಾರವಾದರೂ ಬಟ್ಟೆ ಬೀರುವಿಗೆ ಹೋಗಿರಲಿಲ್ಲ.

"ರಶ್ಮಿ ಕಳ್ಸಿದ್ಲಾ?"

"ಇಲ್ಲ. ಅವ್ರಿಗೆ ಗೊತ್ತಿಲ್ಲ."

ನಾನು ಜಗಲಿಯ ಅಂಚಿನಲ್ಲಿ ಕೂತೆ. ಅವರೇ ಶುರು ಮಾಡಿದರು.

"ನಿಮ್ ಮೇಲೆ ಬೇಜಾರಿಲ್ಲ ನಂಗೆ. ನನ್ ಮಗನ ಜಾಗಕ್ಕೆ ಇನ್ಯಾರೋ ಬಂದ್ರು ಅಂತಾನೂ ಇಲ್ಲ. ರಶ್ಮಿಗಿನ್ನೂ ವಯಸ್ಸಿದೆ, ಜೊತೆ ಬೇಕು. ಆದ್ರೆ ನಾನ್ಯಾರು ಹೇಳಿ? ರಶ್ಮಿಗೆ ಅತ್ತೆ, ಸರಿ. ರಕ್ಷಾಗೆ ಅಜ್ಜಿ. ನಿಮ್ಗೆ? ಆ ಹೋಟ್ಲಿನವ್ನು ಕೇಳ್ದಾಗ ಹೌದು ಅನ್ನಕ್ಕೂ ಆಗ್ಲಿಲ್ಲ, ಅಲ್ಲ ಅನ್ನಕ್ಕೂ ಆಗ್ಲಿಲ್ಲ. ದಿನಾ ನಿಮ್ ಮನೇಲಿ ಹಂಗೇ ಕೂರ್ಬೇಕಾ ನಾನು? ಯಾರಾದ್ರೂ ಬಂದ್ರೆ ನನ್ನ ಯಾರು ಅಂತ ಹೇಳ್ತೀರಿ ನೀವು?"

ದಾರಿಯಲ್ಲಿ ಏನೇನೋ ಮಾತು ಕಟ್ಟಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

"ನಮ್ಮನೆಗೆ ಯಾರೂ ಬರಲ್ಲ," ಅಂದೆ. ನಿಜವನ್ನೇ ಹೇಳಿದ್ದು.

ಅವರು ತಿರುಗಿ ನನ್ನನ್ನು ನೋಡಿದರು. ಅಷ್ಟು ಹೊತ್ತು ಯಾರಾದರೂ ನನ್ನನ್ನು ನೋಡಿ ಬಹಳ ದಿನವಾಗಿತ್ತು.

"ನಿಮ್ ತಾಯಿನ ಏನಂತ ಕರೀತಿದ್ರಿ?"

"ಅವ್ವ."

"ಅದು ಅವ್ರಿಗೇ ಇರ್ಲಿ. ಅವ್ರಿಗೆ ತಂಗಿ ಇದ್ರಾ?"

"ಇಲ್ಲ. ಒಬ್ರೇ ಮಗಳು."

"ಹಂಗಾದ್ರೆ ಚಿಕ್ಕಮ್ಮನ ಜಾಗ ಖಾಲಿ ಇದೆ," ಅಂದರು. ನಗಲಿಲ್ಲ. ಅಂಗಡಿಯಲ್ಲಿ ಬಟ್ಟೆಯ ಅಳತೆ ನೋಡುವವರ ಹಾಗೆ ಗಂಭೀರವಾಗಿ ಹೇಳಿದರು. "ಕರೀರಿ ನೋಡಣ."

"ಚಿಕ್ಕಮ್ಮ."

"ಹ್ಞೂಂ. ಆಗತ್ತೆ." ಒಳಗೆ ತಿರುಗಿ, "ದಿವ್ಯಾ, ನಾನ್ ಹೊರಟೆ ಕಣೇ."

ಮುಂದಿನ ಸೀಟಿನಲ್ಲೇ ಕೂತರು. ಬಾಳೆಹೊನ್ನೂರು ದಾಟಿದ ಮೇಲೆ ನಂದನ್ ವಿಷಯ ತೆಗೆದರು. ಅವನಿಗೂ ಗಾಡಿಯಲ್ಲಿ ವಾಂತಿ ಬರುತ್ತಿತ್ತಂತೆ, ಡಿಗ್ರಿ ಓದುವಾಗಲೂ. ಜೇಬಿನಲ್ಲಿ ಸದಾ ನಿಂಬೆಹಣ್ಣು. ಹೇಳುತ್ತಾ ನಕ್ಕರು. ಆಮೇಲೆ ಕಳಸದ ತನಕ ಕಿಟಕಿಯ ಕಡೆ ಮುಖ. ನಾನು ನಿಧಾನ ಓಡಿಸಿದೆ.

ರಶ್ಮಿ ಬಾಗಿಲಿಗೆ ಬಂದು ನಿಂತವರು ನಿಂತೇ ಇದ್ದರು. ಗಾಡಿ ನೋಡಿದರು, ಅತ್ತೆಯನ್ನು ನೋಡಿದರು. ಬ್ಯಾಗು ತಗೊಂಡರು. ನನಗೆ, "ಊಟ ಮಾಡ್ಕೊಂಡ್ ಹೋಗಿ," ಅಂದು ಬೇಗ ಒಳಗೆ ಹೋದರು. ಬೆನ್ನು ಅಲುಗುತ್ತಿತ್ತು.

ಜೂನ್ 8, ಭಾನುವಾರ. ಸಂಜೆ 7

ಮಳೆ ಒಂದು ಇಂಚು ಹತ್ತು ಸೆಂಟ್. ಮುಂಗಾರು ಹಿಡಿದಿದೆ.

ಮೂರು ಭಾನುವಾರದಿಂದ ಇದೇ ಕ್ರಮ. ಬೆಳಿಗ್ಗೆ ನಾನು ಕಳಸಕ್ಕೆ. ಅಲ್ಲಿಂದ ರಶ್ಮಿ ಓಡಿಸುವುದು. ಇವತ್ತು ಹೊರನಾಡಿಗೆ ಹೋಗಿ ಬಂದೆವು. ತಿರುವುಗಳಲ್ಲಿ ಈಗ ಗೇರು ಸರಿಯಾಗಿ ಬದಲಾಯಿಸುತ್ತಾರೆ. ನಗು ಮೊದಲಿನಷ್ಟು ಜೋರಿಲ್ಲ, ಆದರೆ ಆಗಾಗ ಬರುತ್ತದೆ. ಗಾಡಿಯಿಂದ ಇಳಿಯುವಾಗ ಕೀ ನನ್ನ ಕೈಗಿಡುತ್ತಾ ಅಂದರು, "ಮಳೆ ಮುಗೀಲಿ. ಅಕ್ಟೋಬರಲ್ಲಿ ರಿಜಿಸ್ಟರ್ ಮಾಡಿಸ್ಕೊಳ್ಳಣ. ಅತ್ತೆನೇ ಸಾಕ್ಷಿ ಸೈನ್ ಮಾಡ್ತಾರಂತೆ."

ಸರಿ ಅಂದೆ. ಈ ಸಲ ಯೋಚಿಸಿದ ಹಾಗೆ ಮಾಡೋಣ ಅಂದುಕೊಂಡಿದ್ದೆ, ಆಗಲಿಲ್ಲ.

ರಕ್ಷಾ ನನ್ನನ್ನು ಇನ್ನೂ ಏನೆಂದೂ ಕರೆಯುವುದಿಲ್ಲ. "ಇವರಿಗೆ ಹೇಳಮ್ಮ" ಅನ್ನುತ್ತಾಳೆ. ಇರಲಿ. ಅವಳ ಅಪ್ಪನ ಹೆಸರು ಅವಳ ಪುಸ್ತಕದ ಮೇಲೆಲ್ಲ ಇದೆ.

ವಾಪಸ್ಸು ಬರುವಾಗ ಕೆಳಗೂರಿನ ಹತ್ತಿರ ಮಂಜು. ದಾರಿ ಕಾಣಲಿಲ್ಲ, ಹತ್ತು ನಿಮಿಷ ನಿಲ್ಲಿಸಿದೆ. ನಾಲ್ಕು ಜನ ಕೂತಿದ್ದ ಗಾಡಿಯಲ್ಲಿ ಒಬ್ಬನೇ ಕೂರುವುದು, ಮೊದಲಿನಿಂದ ಒಬ್ಬನೇ ಕೂರುವುದಕ್ಕಿಂತ ಕಷ್ಟ. ಗಾಜಿನ ಮೇಲೆ ಒಳಗಡೆ ಇನ್ನೂ ಅವರೆಲ್ಲರ ಉಸಿರಿನ ಮಬ್ಬು ಇತ್ತೇನೋ ಅನಿಸಿತು. ಒರೆಸಲಿಲ್ಲ.

ಬೀಗ ತೆಗೆದು, ದೀಪ ಹಾಕಿ, ಬರೆಯಲು ಕೂತೆ. ಅಕ್ಟೋಬರ್ ಅಂದರೆ ಇನ್ನೂ —

ಫೋನ್ ಬಂತು. ಚಿಕ್ಕಮ್ಮ. ಮಳೆಗೆ ಕೊಡೆ ಹಿಡಿದು ಕಣದ ಮೂಲೆಗೆ ಓಡಿದೆ.

"ಮನೆ ಸೇರಿದ್ಯೇನೋ?"

'ಸೇರಿದ್ಯೇನೋ' ಅಂದರು. 'ಸೇರಿದ್ರಾ' ಅಲ್ಲ.

ಕೇಳಿಸಲಿಲ್ಲ ಚಿಕ್ಕಮ್ಮ, ಅಂದೆ. ಕೇಳಿಸಿತ್ತು. ಇನ್ನೊಂದು ಸಲ ಕೇಳಲಿ ಅಂತ…